ಬೋಳು ಕಳ್ಳನೂ ಮೂವತ್ತೆಂಟು ಕುರ್ಚಿಗಳೂ

ಸರಕ್. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ, ಸರಕ್.

ಸಾಕಿಟೆ ಚಾಪೆಯ ಮೇಲೆ ಕಣ್ಣು ಬಿಟ್ಟ. ಕೊಪೊನ್ಯಾದ ಕಡಲ ದಂಡೆಯಲ್ಲಿ ರಾತ್ರಿ ಸದ್ದುಗಳಿಗೇನೂ ಬರವಿಲ್ಲ. ಅಲೆಯಿದೆ, ಗಾಳಿಯಿದೆ, ಪಕ್ಕದ ಮನೆಯ ಕೋರ್ಯೊ ಅಕ್ಕನ ಗೊರಕೆಯಿದೆ. ಇವೆಲ್ಲ ಪರಿಚಯದ ಸದ್ದುಗಳು. ಇದು ಹೊಸದು. ಯಾರೋ ಭಾರವಾದದ್ದೊಂದನ್ನು ಮರಳ ಮೇಲೆ ಎಳೆದು, ಸುಸ್ತಾಗಿ, ನಿಂತು ಉಸಿರು ಬಿಟ್ಟು, ಮತ್ತೆ ಎಳೆಯುತ್ತಿರುವ ಹಾಗಿತ್ತು. ಅದೂ ಹಿತ್ತಿಲಿನಲ್ಲಿ, ಕುರ್ಚಿ ಶೆಡ್ಡಿನ ಬದಿಯಲ್ಲಿ.

ಕುರ್ಚಿ ಎಂಬ ಶಬ್ದ ತಲೆಗೆ ಬಂದದ್ದೇ ತಡ, ಅವನು ಎದ್ದು ಕೂತ.

ಆ ಊರಿನಲ್ಲಿ ಸಾಯುವವರು ಯಾರೇ ಆಗಲಿ, ಸಾಕಿಟೆ ಬಾಡಿಗೆಗೆ ಕೊಡುವ ನೇರಳೆ ಬಣ್ಣದ ಪ್ಲಾಸ್ಟಿಕ್ ಕುರ್ಚಿಗಳಿಲ್ಲದೆ ಮಣ್ಣಿಗೆ ಹೋಗುತ್ತಿರಲಿಲ್ಲ. ಪ್ರತಿ ಶನಿವಾರ ಯಾವುದಾದರೊಂದು ಮನೆಯ ಮುಂದೆ ಅವನ ಕುರ್ಚಿಗಳು ಸಾಲಾಗಿ ಕೂರುತ್ತಿದ್ದವು. ಅವುಗಳ ಮೇಲೆ ಕೆಂಪು, ಕಪ್ಪು ಬಟ್ಟೆಯುಟ್ಟ ನೆಂಟರು ಕೂರುತ್ತಿದ್ದರು. ಮೊದಲು ನಲವತ್ತಿದ್ದವು. ಹೋದ ತಿಂಗಳು ಎರಡು ಕಳುವಾದವು. ಅವು ಕಳುವಾದವೋ, ಅಥವಾ ಸಾಕಿಟೆ ಎಂದಿನಂತೆ ಒಂದು ಸಾವಿನ ಮನೆಯ ಕುರ್ಚಿಗಳನ್ನು ಇನ್ನೊಂದು ಸಾವಿನ ಮನೆಗೆ ಇಳಿಸಿ ಮರೆತು ಬಂದನೋ, ಇದನ್ನು ಅವನ ಹೆಂಡತಿ ಮಾಕು ಒಂದೇ ಒಂದು ಸಲ ಕೇಳಿದ್ದಳು. ಅವನು ಒಂದು ವಾರ ಮುಖ ಊದಿಸಿಕೊಂಡಿದ್ದ.

ಈಗ ಅವನು ಬಾಂಕು ಮುದ್ದೆ ತಿರುವುವ ಮರದ ಕೋಲನ್ನು ಹಿಡಿದು ಹಿತ್ತಿಲಿಗೆ ಇಳಿದ. ಅರೆಬೆಳದಿಂಗಳು. ಶೆಡ್ಡಿನ ಪಕ್ಕದಲ್ಲಿ, ಮಾಕುವಿನ ಹೊಸ ಅಡುಗೆಮನೆ ಕಟ್ಟಲೆಂದು ಲಾರಿಯವನು ಸುರಿದು ಹೋಗಿದ್ದ ಮರಳು ಮೊಣಕಾಲೆತ್ತರಕ್ಕೆ ಅಗಲವಾಗಿ ಹರಡಿಕೊಂಡಿತ್ತು. ಅದರ ಮೇಲೆ ಒಬ್ಬ ಬಗ್ಗಿ ಕೂತಿದ್ದ. ಅಗಲ ಬೆನ್ನು. ಕುತ್ತಿಗೆ ಇದ್ದೂ ಇಲ್ಲದಂತಿತ್ತು. ಬೋಳು ತಲೆ ಬೆಳದಿಂಗಳಲ್ಲಿ ಮಿಂಚುತ್ತಿತ್ತು. ಪಕ್ಕದಲ್ಲಿ ಅವನಂತೆಯೇ ಇನ್ನೊಬ್ಬ, ಇನ್ನೂ ಕಪ್ಪಗೆ, ಇನ್ನೂ ಚಪ್ಪಟೆಯಾಗಿ. ಎರಡನೆಯವನು ಮೊದಲನೆಯವನ ನೆರಳೇ ಇರಬಹುದೆಂದು ಯೋಚಿಸುವಷ್ಟು ಪುರುಸೊತ್ತು ಸಾಕಿಟೆಗೆ ಆಗ ಇರಲಿಲ್ಲ. ಬೋಳು ತಲೆ ಮೆಲ್ಲಗೆ ಅವನತ್ತ ತಿರುಗಿತು. ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅದು ‘ಹುಸ್ಸ್’ ಎಂದಿತು.

ಸಾಕಿಟೆ ‘ಕಳ್ಳ’ ಎಂದು ಕೂಗಲು ಬಾಯಿ ತೆರೆದ. ಬಾಯಿ ತೆರೆಯಿತು, ಧ್ವನಿ ಬರಲಿಲ್ಲ. ಕಾಲುಗಳು ಮಾತ್ರ ಧ್ವನಿಗಾಗಿ ಕಾಯದೆ ಹೊರಟವು. ಹಳೆಯ ಅಡುಗೆ ಗುಡಿಸಲಿನೊಳಗೆ ಬೋರಲು ಹಾಕಿದ್ದ ದೊಡ್ಡ ಅಲ್ಯೂಮಿನಿಯಂ ಬೋಗುಣಿ ಇತ್ತು. ಅದನ್ನೆತ್ತಿ ಒಳಗೆ ಕೂತು ಮೇಲೆ ಎಳೆದುಕೊಂಡ.

ಕೋಳಿ ಎರಡು ಸಲ ಕೂಗುವ ತನಕ ಅವನು ಆ ಬೋಗುಣಿಯ ಕೆಳಗೇ ಕಾವಲಿದ್ದ.

ಬೆಳಗ್ಗೆ ಅವನು ಮೈಯೆಲ್ಲ ಮಸಿಯಾಗಿ, ಕೈಯಲ್ಲಿ ಕೋಲು ಹಿಡಿದು ತೆವಳಿಕೊಂಡು ಹೊರಬಂದಾಗ ಎದುರಿಗೇ ಕೋರ್ಯೊ ಅಕ್ಕ ನಿಂತಿದ್ದಳು. ಮೀನು ಹೊಗೆಗೆ ಹಾಕುವುದು ಅವಳ ಕಸುಬು. ಊರಿನ ಸುದ್ದಿಗೆ ಹೊಗೆ ಹಾಕಿ ಬಹುಕಾಲ ಕೆಡದಂತೆ ಇಡುವುದೂ ಅವಳೇ.

“ಅಯ್ಯೋ ತಮ್ಮಾ! ಇದೇನೋ ನಿನ್ನ ಅವಸ್ಥೆ?”

ಆ ಪ್ರಶ್ನೆಗೆ ನೂರು ಉತ್ತರಗಳಿದ್ದವು. ಸಾಕಿಟೆ ನೂರಾ ಒಂದನೆಯದನ್ನು ಆರಿಸಿಕೊಂಡ.

“ಕಳ್ಳರು ಅಕ್ಕಾ. ಇಬ್ಬರು.”

“ಇಬ್ಬರಾ!”

“ಇಬ್ಬರು. ನಾನೊಬ್ಬ.”

“ಬಡಿದೆಯಾ?”

ಸಾಕಿಟೆ ಕೋಲನ್ನು ನೋಡಿದ. ಕೋಲಿನ ತುದಿಯಲ್ಲಿ ನಿನ್ನೆಯ ಬಾಂಕು ಒಣಗಿ ಅಂಟಿಕೊಂಡಿತ್ತು. “ಎಣಿಸಲಿಲ್ಲ” ಅಂದ, ಗಂಭೀರವಾಗಿ.

ಕೋರ್ಯೊ ಅಕ್ಕನ ಒಲೆಯಿಂದ ಹೊಗೆ ಏಳುವಷ್ಟರಲ್ಲಿ ಕಳ್ಳರಿಬ್ಬರ ಕೈಯಲ್ಲೂ ಮಚ್ಚು ಬಂದಿತ್ತು. ಮೊದಲ ತಟ್ಟೆ ಮೀನು ಕೆಂಪಾಗುವಷ್ಟರಲ್ಲಿ ಸಾಕಿಟೆ ಒಂದು ಮಚ್ಚನ್ನು ಹಲ್ಲಿನಲ್ಲಿ ಕಚ್ಚಿ ಕಿತ್ತುಕೊಂಡಿದ್ದ. ಊರಿಗೆ ಊರೇ ಹಿತ್ತಿಲಿಗೆ ಬಂದು ಮರಳಿನ ಮೇಲೆಲ್ಲ ನಡೆದಾಡಿ, ‘ಇಲ್ಲೇ ಬಿದ್ದಿದ್ದನಂತೆ’, ‘ಇಲ್ಲಿಂದ ಓಡಿದನಂತೆ’ ಎಂದು ಒಬ್ಬರಿಗೊಬ್ಬರು ತೋರಿಸಿಕೊಂಡರು. ಒಂಬತ್ತು ಗಂಟೆಗೆ ಊರ ಸಭೆಯ ಸದಸ್ಯರು ಬಂದು ಭಾಷಣ ಮಾಡಿ, ರಾತ್ರಿ ಕಾವಲು ಪಡೆಯೊಂದನ್ನು ಆ ಕ್ಷಣವೇ ಸ್ಥಾಪಿಸಿ, ಅದರ ಮುಖ್ಯಸ್ಥನೆಂದು ಸಾಕಿಟೆಯ ಕೊರಳಿಗೆ ಕೆಂಪು ದಾರದ ಉಕ್ಕಿನ ಸೀಟಿಯೊಂದನ್ನು ಹಾಕಿದರು.

ಐವತ್ತೆರಡು ವರ್ಷದ ಬದುಕಿನಲ್ಲಿ ಅವನ ಕೊರಳಿಗೆ ಯಾರೂ ಏನನ್ನೂ ಹಾಕಿರಲಿಲ್ಲ. ಅವನು ಸೀಟಿಯನ್ನು ಒಂದು ಸಲ ಮೆಲ್ಲಗೆ ಊದಿ ನೋಡಿದ. ಬಂದೂ ಬರದಷ್ಟು ಸದ್ದು ಬಂತು. ಕಣ್ಣು ತುಂಬಿ ಬಂತು.

ಜನ ಚದುರಿದ ಮೇಲೆ ಅವನು ಕುರ್ಚಿ ಎಣಿಸಿದ. ಮೂವತ್ತೆಂಟೂ ಇದ್ದವು. ಹಾಗಾದರೆ ಕಳ್ಳರು ಬಂದದ್ದು ಯಾಕೆ? ಶೆಡ್ಡಿನ ಹಿಂದಕ್ಕೆ ಹೋದ. ಊರಿನವರ ಕಾಲು ತಾಗದ ಒಂದು ಮಾರು ಜಾಗ ಅಲ್ಲಿ ಉಳಿದಿತ್ತು. ಅದರ ಮೇಲೆ ಒಂದು ಗುರುತು ಇತ್ತು: ನಡುವೆ ಎಳೆದ ಗೆರೆ, ಎರಡು ಬದಿಗೂ ಹುಟ್ಟು ಹಾಕಿದಂಥ ಗೀರುಗಳು. ಕಡಲಿನಿಂದ ಮರಳಿನ ಗುಡ್ಡೆಗೆ ಒಂದು, ಗುಡ್ಡೆಯಿಂದ ಕಡಲಿಗೆ ಇನ್ನೊಂದು. ಕೊಪೊನ್ಯಾದಲ್ಲಿ ಅಂಬೆಗಾಲಿಡುವ ಕೂಸಿಗೂ ಆ ಗುರುತು ಗೊತ್ತು.

ಸಾಕಿಟೆ ಗುಡ್ಡೆಯ ನಡುವೆ ಮೊಣಕೈ ತನಕ ಕೈ ತೂರಿಸಿದ. ಬೆರಳ ತುದಿಗೆ ಏನೋ ತಾಗಿತು. ದುಂಡಗೆ, ಮೆತ್ತಗೆ, ತಣ್ಣಗೆ. ಪಕ್ಕದಲ್ಲಿ ಇನ್ನೊಂದು, ಅದರ ಕೆಳಗೆ ಮತ್ತೊಂದು. ಬೆಂಕಿ ತಾಗಿದವನ ಹಾಗೆ ಕೈ ಎಳೆದುಕೊಂಡು ಮರಳು ಮುಚ್ಚಿದ.

ಕಳ್ಳನಲ್ಲ, ಆಮೆ. ಮೊಟ್ಟೆಯಿಡಲು ಬಂದ ಕಡಲಾಮೆ. ಅಷ್ಟುದ್ದದ ಕಡಲ ದಂಡೆ ಖಾಲಿ ಬಿದ್ದಿರುವಾಗ ಅದು ಹುಡುಕಿ ಹುಡುಕಿ ಗಾರೆ ಕಲಸುವ ಮರಳನ್ನೇ ಆರಿಸಿಕೊಂಡಿತ್ತು. ಸೋಮವಾರ ಮೇಸ್ತ್ರಿ ಬಂದು ಈ ಮರಳಿಗೆ ಸಿಮೆಂಟು ಸುರಿಯುವವನಿದ್ದ.

ಕೊಪೊನ್ಯಾದವರಿಗೆ ಆಮೆ ಬರೀ ಪ್ರಾಣಿಯಲ್ಲ, ನೆಂಟರು. ಹಿಂದೆ ಯಾವುದೋ ಕಾಲದಲ್ಲಿ ಶತ್ರುಗಳಿಂದ ತಪ್ಪಿಸಿಕೊಂಡು ಬಂದ ಹಿರಿಯರನ್ನು ಬೆನ್ನ ಮೇಲೆ ದಾಟಿಸಿದ್ದು ಆಮೆಯೇ. ಈಗಲೂ ಯಾರದಾದರೂ ಬಲೆಯಲ್ಲಿ ಆಮೆ ಸತ್ತರೆ ಬಲೆಯವನು ಕಪ್ಪು ಉಟ್ಟು, ತೆಂಗಿನ ಗರಿಯ ಚಪ್ಪರ ಕಟ್ಟಿ, ಮನುಷ್ಯರಿಗೆ ಮಾಡುವ ಹಾಗೆ ಶೋಕ ಆಚರಿಸಬೇಕು. ಇಲ್ಲದಿದ್ದರೆ ಕಡಲು ಇಡೀ ಊರಿನ ಮೇಲೆ ಮುನಿಯುತ್ತದೆ. ಇನ್ನು ಮೊಟ್ಟೆ ಒಡೆದವನ ಗತಿ ಏನೆಂಬುದನ್ನು ಹಿರಿಯರು ಯಾರಿಗೂ ಪೂರ್ತಿ ಹೇಳಿರಲಿಲ್ಲ. ಅಷ್ಟು ಸಣ್ಣ ಮನಸ್ಸು ಯಾರಿಗಾದರೂ ಇದ್ದೀತೆಂದು ಅವರು ಎಣಿಸಿರಲಿಲ್ಲ.

ಸಾಕಿಟೆ ಮಾಡಬೇಕಾಗಿದ್ದದ್ದು ಇಷ್ಟೇ: ಊರಿನವರೆಲ್ಲ ಗೌರವದಿಂದ ನೆನೆ ಎಂದು ಕರೆಯುವ ಕಡಲ ಪೂಜಾರಿ ನೆನೆ ಪಾದಿಯ ಹತ್ತಿರ ಹೋಗಿ ‘ನೆನೆ, ನಮ್ಮ ಹಿತ್ತಿಲಲ್ಲಿ ಆಮೆ ಮೊಟ್ಟೆ ಇಟ್ಟಿದೆ’ ಅನ್ನುವುದು. ಒಂದೇ ಒಂದು ವಾಕ್ಯ. ಊರೇ ಬಂದು ಬೇಲಿ ಹಾಕಿ ಕಾಯುತ್ತಿತ್ತು. ಆದರೆ ‘ಯಾವಾಗ ಇಟ್ಟಿತು?’ ಎಂದು ನೆನೆ ಕೇಳುತ್ತಿದ್ದರು. ‘ನಿನ್ನೆ ರಾತ್ರಿ.’ ‘ಕಳ್ಳರು ಬಂದಾಗಲೇ?’ ಅಲ್ಲಿಗೆ ಹಲ್ಲಿನಲ್ಲಿ ಕಚ್ಚಿ ಕಿತ್ತ ಮಚ್ಚಿನ ಸಮೇತ ಇಡೀ ಕಥೆ ಕುಸಿಯುತ್ತಿತ್ತು. ಕೊರಳ ಸೀಟಿಯೂ ಹೋಗುತ್ತಿತ್ತು.

ಅವನು ಸೀಟಿ ಮುಟ್ಟಿ ನೋಡಿಕೊಂಡ. ಎರಡು ಹುಣ್ಣಿಮೆಗೆ ನಾಲ್ಕೈದು ದಿನ ಕಡಿಮೆ, ಅಂದರೆ ಐವತ್ತೈದು ದಿನ. ಅಷ್ಟು ದಿನ ಮರಳನ್ನು ಯಾರೂ ಮುಟ್ಟದಂತೆ ನೋಡಿಕೊಂಡರೆ ಮರಿಗಳು ತಾವಾಗಿಯೇ ಹೋಗುತ್ತವೆ. ಯಾರಿಗೂ ಗೊತ್ತಾಗುವುದಿಲ್ಲ. ಇದರಲ್ಲಿ ಕಷ್ಟವೇನಿದೆ?

ಸೋಮವಾರ ಮೇಸ್ತ್ರಿ ಅಗ್ಬೆಕೊ ಸಲಿಕೆ ಹೆಗಲಿಗೇರಿಸಿ ಬಂದ.

“ಈ ಮರಳು ಬೇಡ” ಅಂದ ಸಾಕಿಟೆ, ಗುಡ್ಡೆಗೆ ಅಡ್ಡ ನಿಂತು. “ಇನ್ನೂ ಹಸಿ.”

“ಹಸೀನಾ? ಬಾಸ್, ಇದೇನು ಪಪ್ಪಾಯಿನಾ, ಹಣ್ಣಾಗೋಕೆ?”

“ನದಿ ಮರಳು. ಸ್ವಲ್ಪ ಬಿಸಿಲು ಕಾಯಲಿ.”

“ಮುಟ್ಟಿ ನೋಡಿ, ಕೆಂಡದ ಹಾಗಿದೆ! ನನಗೆ ಇಪ್ಪತ್ತು ವರ್ಷದ ಸರ್ವೀಸು ಬಾಸ್, ಮರಳು ಬಾಣಂತನ ಮಾಡ್ಕೊಳ್ಳೋದನ್ನ ನಾನು ನೋಡಿಲ್ಲ.”

ಬಾಣಂತನ ಎಂಬ ಮಾತಿಗೆ ಸಾಕಿಟೆಯ ಮುಖ ಬೂದಿಯಾಯಿತು. ಈಗ ಮಾಕು ಸಿಡಿಯುತ್ತಾಳೆ ಎಂದು ಅವನು ಹೆಗಲು ಕುಗ್ಗಿಸಿದ. ಹೊಗೆ ಕುಡಿಯುತ್ತ, ಸೋರುವ ಗುಡಿಸಲಿನಲ್ಲಿ ಹನ್ನೊಂದು ವರ್ಷದಿಂದ ಅಡುಗೆಮನೆ ಕೇಳುತ್ತ ಬಂದವಳು ಅವಳು. ಆದರೆ ಮಾಕು ಬಾಗಿಲಲ್ಲಿ ನಿಂತು ಗಂಡನನ್ನೂ ಗುಡ್ಡೆಯನ್ನೂ ಒಮ್ಮೆ ನೋಡಿ, “ಮೇಸ್ತ್ರಿ, ಬಾ, ಬಾಂಕು ತಿನ್ನು. ಮೀನು ಕರಿದಿದ್ದೀನಿ. ಅಡುಗೆಮನೆ ಎಲ್ಲಿಗೂ ಓಡಿ ಹೋಗಲ್ಲ” ಅಂದಳು. ಇದರಲ್ಲಿ ಏನೋ ಸರಿಯಿಲ್ಲ ಎಂದು ಸಾಕಿಟೆಗೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಅವಳು ಕಳ್ಳರ ವಿಷಯ ಒಂದು ಸಲವೂ ಕೇಳಿಲ್ಲ ಎಂಬುದೂ ಅವನ ಗಮನಕ್ಕೆ ಬಂದಿರಲಿಲ್ಲ.

ಮೇಸ್ತ್ರಿಯಾದ ಮೇಲೆ ಮೇಕೆಗಳು ಬಂದವು. ಮೇಕೆಗಳ ಹಿಂದೆ ನಾಯಿ. ನಾಯಿ ಗುಡ್ಡೆಯನ್ನು ಮೂಸಿ, ಯೋಚಿಸಿ, ಕಾಲು ಕೆದರಿತು. ಸಾಕಿಟೆ ಸೀಟಿ ಊದಿ ಅದನ್ನು ಓಡಿಸಿದ. ಬೇಲಿ ಬೇಕಿತ್ತು, ಬೇಲಿಗೆ ಅವನಲ್ಲಿ ಇದ್ದದ್ದು ಒಂದೇ ವಸ್ತು. ಮೂವತ್ತೇಳು ನೇರಳೆ ಕುರ್ಚಿಗಳನ್ನು ತಂದು ಗುಡ್ಡೆಯ ಸುತ್ತ ಒತ್ತೊತ್ತಾಗಿ ಇಟ್ಟ. ನಾಯಿ ಬಾರದಿರಲೆಂದು ಮೇಲೆ ತೆಂಗಿನ ಗರಿ ಹೊದಿಸಿದ. ಮೂವತ್ತೆಂಟನೆಯ ಕುರ್ಚಿಯಲ್ಲಿ ತಾನು ಕೂತ. ಬೆಳಗ್ಗೆಯಿಂದ ರಾತ್ರಿಯ ತನಕ, ತುಟಿಗೆ ಸೀಟಿ ಇಟ್ಟುಕೊಂಡು, ಗುಡ್ಡೆಯನ್ನೇ ನೋಡುತ್ತ.

ಆ ಊರಿನಲ್ಲಿ ಸಾಕಿಟೆಯ ಕುರ್ಚಿಗಳು ಸುತ್ತಲೂ ಕೂತಿವೆಯೆಂದರೆ ನಡುವೆ ಹೆಣವಿದೆ ಎಂದೇ ಅರ್ಥ. ಬೇರೆ ಅರ್ಥ ಮಾಡಿಕೊಳ್ಳಲು ಇಪ್ಪತ್ತು ವರ್ಷದಿಂದ ಅವನೇ ಯಾರಿಗೂ ಅವಕಾಶ ಕೊಟ್ಟಿರಲಿಲ್ಲ.

“ಯಾರು ಹೋದ್ರು ತಮ್ಮಾ?” ಕೋರ್ಯೊ ಅಕ್ಕ ಬೇಲಿಯಾಚೆಯಿಂದ ಕೇಳಿದಳು.

“ಯಾರೂ ಇಲ್ಲ ಅಕ್ಕಾ.”

“ಯಾರೂ ಹೋಗದೆ ಮೂವತ್ತೇಳು ಕುರ್ಚಿನಾ?”

“ಗಾಳಿ ಆಡಲಿ ಅಂತ ಇಟ್ಟಿದ್ದೀನಿ.”

ಕೋರ್ಯೊ ಅಕ್ಕ ಕುರ್ಚಿಗಳನ್ನು ನೋಡಿದಳು, ಗರಿಗಳನ್ನು ನೋಡಿದಳು, ಮನುಷ್ಯನೊಬ್ಬ ಕಾಲು ಚಾಚಿ ಮಲಗಬಹುದಾದಷ್ಟು ಉದ್ದಕ್ಕೆ ಹರಡಿದ ಮರಳನ್ನು ನೋಡಿದಳು. ಆಮೇಲೆ ಮೆಲ್ಲಗೆ, “ಎರಡನೇ ಕಳ್ಳ ಯಾವ ಕಡೆ ಓಡಿದ ಅಂತ ನೀನು ಹೇಳಲೇ ಇಲ್ಲ, ಅಲ್ವಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳು ಹಗಲು ಹೊತ್ತು ಬಾಗಿಲು ಹಾಕಿದ್ದನ್ನು ಯಾರೂ ಕಂಡಿರಲಿಲ್ಲ.

ಅಂದೇ ಸಂಜೆ ಕಾನ್‌ಸ್ಟೇಬಲ್ ಇಸಾಕಾ ಸೈಕಲ್ಲಿನಲ್ಲಿ ಬಂದ. ಬಡಗಣ ಸೀಮೆಯವನು; ಕಡಲನ್ನೂ, ಕಡಲಿನವರನ್ನೂ, ಅವರ ಮಾತನ್ನೂ ಒಂದೇ ಸಮನಾಗಿ ಅನುಮಾನಿಸುತ್ತಿದ್ದ. ನೋಟ್‌ಬುಕ್ಕು ತೆಗೆದ.

“ಕಳ್ಳ ನೋಡೋಕೆ ಹೇಗಿದ್ದ?”

ಸಾಕಿಟೆ ಸುಳ್ಳು ಹೇಳಬಹುದಿತ್ತು. ಆದರೆ ಸುಳ್ಳು ಹೇಳಲು ಬೇಕಾದ ನೆನಪಿನ ಶಕ್ತಿ ಅವನಲ್ಲಿರಲಿಲ್ಲ. ಕಂಡದ್ದನ್ನೇ ಹೇಳಿದ. “ಬೋಳು ತಲೆ ಸಾರ್. ಅಗಲ ಬೆನ್ನು. ಕುತ್ತಿಗೆ ಇಲ್ಲ ಅನ್ನಬೇಕು. ನಿಧಾನ. ಉಸಿರು ಬಿಡೋಕೆ ಕಷ್ಟಪಡ್ತಿದ್ದ. ಕಣ್ಣಲ್ಲಿ ನೀರು ಸುರೀತಿತ್ತು.”

“ಅಳ್ತಿದ್ದನಾ?”

“ತುಂಬಾ.”

ಇಸಾಕಾ ಬರೆಯುವುದನ್ನು ನಿಲ್ಲಿಸಿದ. ಪಕ್ಕದ ಊರಿನ ಡೊಟ್ಸೆಗೆ ಬೋಳು ತಲೆ, ಅಗಲ ಬೆನ್ನು. ಕುತ್ತಿಗೆ ಇಲ್ಲ ಅನ್ನಬೇಕು. ಉಬ್ಬಸ, ವರ್ಷವಿಡೀ ಕಣ್ಣಲ್ಲಿ ನೀರು. ಅಷ್ಟೇ ಅಲ್ಲ, ಡೊಟ್ಸೆ ಕೂಡ ಕುರ್ಚಿ ಬಾಡಿಗೆಗೆ ಕೊಡುವವನು, ಬಿಳಿ ಕುರ್ಚಿ. ಎಂಟು ವರ್ಷದಿಂದ ಇವರಿಬ್ಬರಿಗೂ ಮಾತಿಲ್ಲ. ಮತ್ತು ಹೋದ ಶುಕ್ರವಾರದಿಂದ ಡೊಟ್ಸೆ ಮನೆಯಲ್ಲಿಲ್ಲ. ಎಲ್ಲಿಗೆ ಹೋದನೆಂದು ಯಾರಿಗೂ ಗೊತ್ತಿಲ್ಲ.

ಕಾನ್‌ಸ್ಟೇಬಲ್ ಕುರ್ಚಿಗಳ ವೃತ್ತವನ್ನು ಬಹಳ ಹೊತ್ತು ನೋಡಿ, ನೋಟ್‌ಬುಕ್ಕು ಮುಚ್ಚಿ, ಸೈಕಲ್ ಹತ್ತಿದ.

ಆ ವಾರ ಊರು ಸಾಕಿಟೆಯನ್ನು ನಡೆಸಿಕೊಂಡ ರೀತಿಯೇ ಬೇರೆಯಾಗಿತ್ತು. ಹೆಂಗಸರು ಒಂದು ಮುಚ್ಚಿದ ಬಟ್ಟಲು ಸೂಪನ್ನು ಬೇಲಿಯ ಮೇಲಿಟ್ಟು ಓಡಿ ಹೋಗುತ್ತಿದ್ದರು. ಮೀನುಗಾರರು ‘ಕೊಂದದ್ದು ಸರಿಯಲ್ಲ, ಆದರೆ ಕಸುಬಿನವನು ಕಸುಬಿನವನಿಗೆ ಕುರ್ಚಿ ಹಾಕಿದ್ದಾನೆ ನೋಡು, ಮರ್ಯಾದೆ ಅಂದರೆ ಅದು’ ಎಂದು ಮಾತಾಡಿಕೊಂಡರು. ಸಾಕಿಟೆಗೆ ಮಾತ್ರ ಇದು ಶೌರ್ಯಕ್ಕೆ ಸಂದ ಗೌರವವೆಂದೇ ಅನ್ನಿಸಿತು. ಸೂಪು ಕುಡಿದು ಬಟ್ಟಲು ತೊಳೆದಿಡುತ್ತಿದ್ದ.

ಎಂಟನೆಯ ದಿನ, ಶನಿವಾರ, ಇಸಾಕಾ ಸಲಿಕೆ ಹಿಡಿದು ಬಂದ. ಹಿಂದೆ ಬಿಳಿ ಬಟ್ಟೆಯ ನೆನೆ ಪಾದಿ, ಅವರ ಹಿಂದೆ ಅರ್ಧ ಊರು.

“ಕುರ್ಚಿ ತೆಗಿ” ಅಂದ ಇಸಾಕಾ. “ಅಗೀಬೇಕು.”

“ಅಗೀಬಾರದು!” ಸಾಕಿಟೆ ಎರಡು ಕೈಯನ್ನೂ ಚಾಚಿ ನಿಂತ.

“ಯಾಕೆ? ಒಳಗೆ ಯಾರಿದ್ದಾರೆ?”

“ಯಾರೂ ಇಲ್ಲ.”

“ಡೊಟ್ಸೆ ಎಲ್ಲಿ?”

“ಡೊಟ್ಸೆನಾ? ಅವನು ಯಾಕೆ ಇಲ್ಲಿ—” ಅಷ್ಟರಲ್ಲಿ ಸಾಕಿಟೆಗೆ ಒಂದು ವಾರದ ಸೂಪು ಒಟ್ಟಿಗೆ ಅರ್ಥವಾಯಿತು. ಇಸಾಕಾ ಒಂದು ಕುರ್ಚಿಯನ್ನು ಆಚೆಗೆ ಎತ್ತಿಟ್ಟು ಸಲಿಕೆ ಮೇಲೆತ್ತಿದ. ಸಲಿಕೆಯ ಅಂಚು ಬಿಸಿಲಿಗೆ ಹೊಳೆಯಿತು. ಒಂದೇ ಏಟು, ದುಂಡಗೆ, ಮೆತ್ತಗೆ ಇದ್ದದ್ದೆಲ್ಲ ಮುಗಿಯುತ್ತಿತ್ತು.

“ಆಮೆ!” ಸಾಕಿಟೆ ಕಿರುಚಿದ. “ಒಳಗಿರೋದು ಆಮೆ!”

ಅರ್ಧ ಊರು ಉಸಿರು ಬಿಗಿಹಿಡಿಯಿತು. ನೆನೆ ಪಾದಿ ಮುಂದೆ ಬಂದರು.

“ಏನಂದೆ?”

ಇಲ್ಲಿ ನಿಜ ಹೇಳಲು ಇನ್ನೂ ಒಂದು ಗೇಣು ಜಾಗವಿತ್ತು. ಆದರೆ ಸೀಟಿ ಎದೆಯ ಮೇಲೆ ತೂಗುತ್ತಿತ್ತು. ಸಾಕಿಟೆಯ ಬಾಯಿ, ಎಂದಿನಂತೆ, ಸಾಕಿಟೆಯನ್ನು ಕೇಳದೆ ಹೊರಟಿತು.

“ಕಳ್ಳರನ್ನ ಅಟ್ಟಿಸಿಕೊಂಡು ಹೋಗ್ತಿದ್ದೆ, ನೆನೆ. ಕತ್ತಲು. ಆಮೆ ಕಾಣಲಿಲ್ಲ. ಅದರ ಮೇಲೆ ಬಿದ್ದುಬಿಟ್ಟೆ. ಸತ್ತುಹೋಯ್ತು. ಮಣ್ಣು ಮಾಡಿದ್ದೀನಿ.”

“ನೀನು ಬಿದ್ದಿದ್ದಕ್ಕೆ ಆಮೆ ಸತ್ತುಹೋಯ್ತಾ?”

“ಅವತ್ತು ರಾತ್ರಿ ಊಟ ಸ್ವಲ್ಪ ಜಾಸ್ತಿಯಾಗಿತ್ತು, ನೆನೆ.”

ಊರಿನವರು ಗರಿಗಳನ್ನು ನೋಡಿದರು, ಕುರ್ಚಿಗಳನ್ನು ನೋಡಿದರು. ಎಲ್ಲರಿಗೂ ಎಲ್ಲವೂ ಒಂದೇ ಸಲ ತಿಳಿಯಿತು. “ಅದಕ್ಕೇ ಒಂದು ವಾರದಿಂದ ಮೀನಿಲ್ಲ!” ಎಂದು ಹಿಂದಿನಿಂದ ಒಬ್ಬ ಕೂಗಿದ. “ಪಾಪ, ಒಬ್ಬನೇ ಕದ್ದು ಶೋಕ ಮಾಡ್ತಿದ್ದ” ಎಂದು ಕೋರ್ಯೊ ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು.

ಇಸಾಕಾನಿಗೆ ಮಾತ್ರ ತಲೆಬುಡ ತಿಳಿಯಲಿಲ್ಲ. “ಆಮೆಯೋ ಮನುಷ್ಯನೋ, ಅಗೆದು ನೋಡಿದರೆ ಗೊತ್ತಾಗುತ್ತೆ” ಅಂದ.

“ಶೋಕ ಮುಗಿಯೋ ತನಕ ಅದನ್ನ ಯಾರೂ ಮುಟ್ಟೋ ಹಾಗಿಲ್ಲ” ಅಂದರು ನೆನೆ. “ನಿನ್ನ ಸಲಿಕೆ ಆ ಕಡೆ ಇಡು ಮಗನೇ. ಸಾಕಿಟೆ, ನೀನು ತಲೆ ಬೋಳಿಸು. ಕಪ್ಪು ಉಡು. ಒಂದು ಕುರಿ, ಎರಡು ಬಾಟಲಿ ಷ್ನಾಪ್ಸು ಸಾರಾಯಿ. ಮೂರು ವಾರ ಶೋಕ.”

ಸಾಕಿಟೆ ಬೆರಳು ಮಡಚಿದ. ಎಂಟು, ಇಪ್ಪತ್ತೊಂದು. ಐವತ್ತೈದಕ್ಕೆ ಎಷ್ಟೋ ದೂರ.

“ಮೂರು ವಾರ ಸಾಲದು, ನೆನೆ.”

“ಏನು?”

“ಏಳು ವಾರ ಕೊಡಿ.”

ನೆನೆ ಪಾದಿಗೆ ಎಂಬತ್ತರ ಹತ್ತಿರ. ಶಿಕ್ಷೆ ಕಡಿಮೆ ಮಾಡಿ ಎಂದು ಕಾಲು ಹಿಡಿದವರನ್ನು ಕಂಡಿದ್ದರು, ಓಡಿ ಹೋದವರನ್ನು ಕಂಡಿದ್ದರು. ಹೆಚ್ಚು ಮಾಡಿ ಎಂದು ಚೌಕಾಸಿ ಮಾಡುವವನು ಅವರಿಗೂ ಅವರ ಅಜ್ಜನಿಗೂ ಸಿಕ್ಕಿರಲಿಲ್ಲ. ಅವರು ಮಾಕುವಿನ ಕಡೆ ನೋಡಿದರು, ಇವನಿಗೆ ತಲೆ ಸರಿಯಿದೆಯೇ ಎಂಬಂತೆ.

“ಕೊಡಿ, ನೆನೆ” ಅಂದಳು ಮಾಕು, ತಲೆ ತಗ್ಗಿಸಿ. “ಇವರಿಗೆ ದುಃಖ ಜಾಸ್ತಿ.”

“ಆರು ವಾರ” ಅಂದರು ನೆನೆ. “ಆರನೇ ಶನಿವಾರ ಬೆಳಗಿನ ಜಾವ ಅಗೆದು, ಚಿಪ್ಪು ತೆಗೆದು, ಕಡಲಿಗೆ ಒಪ್ಪಿಸೋಣ. ಊರೆಲ್ಲ ಬರಬೇಕು.”

ಚಿಪ್ಪು! ಸಾಕಿಟೆಗೆ ಅದು ಹೊಳೆದೇ ಇರಲಿಲ್ಲ. ಎಂಟೂ ನಲವತ್ತೆರಡೂ ಐವತ್ತು. ಐದು ದಿನ ಕಡಿಮೆ, ಒಂದು ಚಿಪ್ಪು ಕಡಿಮೆ.

ಶೋಕ ಶುರುವಾಯಿತು. ಸಾಕಿಟೆಯ ತಲೆ ಆಮೆಯ ತಲೆಯಂತೆಯೇ ಮಿಂಚತೊಡಗಿತು. ಜನ ಬಂದು ಅವನದೇ ಕುರ್ಚಿಗಳಲ್ಲಿ ಕೂತು, ಅವನದೇ ಮರಳಿಗೆ ಕೈ ಮುಗಿದು, ಅವನ ಹೆಂಡತಿ ಸೋರುವ ಗುಡಿಸಲಿನಲ್ಲಿ ಕಣ್ಣುಜ್ಜಿಕೊಂಡು ಮಾಡಿದ ಅಡುಗೆ ಉಂಡು ಹೋದರು. “ಹೇಗಿತ್ತು ಆಮೆ?” ಎಂದು ಕೇಳಿದವರಿಗೆಲ್ಲ ಅವನು “ತುಂಬಾ ಒಳ್ಳೆಯದಿತ್ತು” ಎಂದು ಹೇಳಬೇಕಾಗುತ್ತಿತ್ತು. ಎರಡನೆಯ ವಾರ ಯಾಕೋ ಮೀನು ರಾಶಿ ರಾಶಿಯಾಗಿ ಬಿತ್ತು. ಊರು ಸಾಕಿಟೆಯ ದುಃಖವನ್ನು ಹೊಗಳಿತು. “ಇನ್ನೂ ಸ್ವಲ್ಪ ಅಳು ತಮ್ಮಾ” ಎಂದು ಕೋರ್ಯೊ ಅಕ್ಕ ಹುರಿದುಂಬಿಸಿದಳು, “ಬಂಗಡೆ ಇನ್ನೂ ಬಂದಿಲ್ಲ.”

ಮೂರನೆಯ ಶನಿವಾರ ಸತ್ತವನು ಬಂದ.

ಡೊಟ್ಸೆ ಒಂದು ಗಾಡಿಯ ತುಂಬ ಬಿಳಿ ಕುರ್ಚಿ ಹೇರಿಕೊಂಡು, ಕಣ್ಣೊರೆಸಿಕೊಳ್ಳುತ್ತ, ಉಬ್ಬಸಪಡುತ್ತ ಹಿತ್ತಿಲಿಗೆ ಇಳಿದ. ನೆರೆಯ ದೇಶದಲ್ಲಿರುವ ಮಗಳ ಮನೆಗೆ ಹೋಗಿದ್ದನಂತೆ. ತಾನು ಸತ್ತ ಸುದ್ದಿ ಅವನಿಗೆ ಗಡಿಯಲ್ಲೇ ಸಿಕ್ಕಿತಂತೆ.

“ನಾನು ಸತ್ತಾಗ ಮೂವತ್ತೇಳು ಕುರ್ಚಿ ಹಾಕಿದ್ದೆಯಂತೆ” ಅಂದ ಡೊಟ್ಸೆ. “ನನ್ನ ಸ್ವಂತ ಅಣ್ಣ ಹತ್ತು ಕೂಡ ಹಾಕ್ತಿರಲಿಲ್ಲ. ತಗೋ, ಐವತ್ತು ತಂದಿದ್ದೀನಿ. ಬಾಡಿಗೆ ಬೇಡ. ಎಂಟು ವರ್ಷ ಮಾತಾಡದೆ ಇದ್ದಿದ್ದು ನನ್ನದೇ ತಪ್ಪು.”

ಸಾಕಿಟೆ ಅವನನ್ನು ತಬ್ಬಿಕೊಂಡು ಅತ್ತ. ಅಷ್ಟು ದಿನಗಳಲ್ಲಿ ಅವನು ನಿಜವಾಗಿ ಅತ್ತದ್ದು ಅದೊಂದೇ ಸಲ. ಮೂಲೆಯಲ್ಲಿ ಇಸಾಕಾ ನೋಟ್‌ಬುಕ್ಕಿನ ಎರಡು ಹಾಳೆ ಹರಿದು ಜೇಬಿಗೆ ಹಾಕಿಕೊಂಡ. ಆದರೂ ಅವನ ಅನುಮಾನ ಪೂರ್ತಿ ಹೋಗಲಿಲ್ಲ. “ಎರಡನೇ ಕಳ್ಳ ಯಾರು ಅಂತ ಇನ್ನೂ ಗೊತ್ತಾಗಬೇಕು” ಅಂದ.

ಆರನೆಯ ಶನಿವಾರ ಬೆಳಗಿನ ಜಾವ. ದೂಳಿನ ಗಾಳಿ ಕಡಲಿನ ಮೇಲೆ ಮಬ್ಬು ಹಿಡಿಸಿತ್ತು. ನೇರಳೆ ಮೂವತ್ತೆಂಟು, ಬಿಳಿ ಐವತ್ತು ಕುರ್ಚಿಗಳಲ್ಲಿ ಊರು ತುಂಬಿ ಕೂತಿತ್ತು. ಸಾಕಿಟೆಯ ಹಿತ್ತಿಲಿನಷ್ಟು ಭರ್ಜರಿ ಶೋಕ ಊರಿನ ಮುಖ್ಯಸ್ಥರ ಮನೆಯಲ್ಲೂ ಆಗಿರಲಿಲ್ಲ. ನೆನೆ ಪಾದಿ ಷ್ನಾಪ್ಸನ್ನು ನೆಲಕ್ಕೆ ಸುರಿದು ಹಿರಿಯರನ್ನು ಕರೆದರು. ಡೋಲು ಬಡಿಯಿತು. ಗರಿಗಳನ್ನು ತೆಗೆದರು. ಅಗೆಯಲು ಇಸಾಕಾನೇ ಮುಂದೆ ಬಂದಿದ್ದ, ಬೇಡವೆಂದರೂ ಕೇಳದೆ.

ಸಾಕಿಟೆ ರಾತ್ರಿಯಿಡೀ ನಿದ್ದೆ ಮಾಡಿರಲಿಲ್ಲ. ಇನ್ನೂ ಐದು ದಿನ. ಐದೇ ದಿನ. ಸಲಿಕೆ ಮೇಲಕ್ಕೆ ಹೋಯಿತು.

ಅವನು ಸೀಟಿ ಬಾಯಿಗಿಟ್ಟು ಊದಿದ. ಅದು ಹಿಂದೆ ಯಾವತ್ತೂ ಅಷ್ಟು ಜೋರಾಗಿ ಕೂಗಿರಲಿಲ್ಲ. ಡೋಲು ನಿಂತಿತು, ಸಲಿಕೆ ಗಾಳಿಯಲ್ಲೇ ನಿಂತಿತು.

“ಏನು?” ಅಂದರು ನೆನೆ.

ಸಾಕಿಟೆ ಕೊರಳಿನಿಂದ ಕೆಂಪು ದಾರ ಕಳಚಿ ಸೀಟಿಯನ್ನು ನೆನೆಯ ಕೈಯಲ್ಲಿಟ್ಟ. ನೆನೆಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಶುರುಮಾಡಿದ.

“ಒಳಗೆ ಚಿಪ್ಪಿಲ್ಲ, ನೆನೆ. ಆಮೆ ಸತ್ತಿಲ್ಲ. ನಾನು ಯಾರ ಮೇಲೂ ಬಿದ್ದಿಲ್ಲ. ಆ ರಾತ್ರಿ ಕಳ್ಳರೂ ಬಂದಿರಲಿಲ್ಲ. ನಾನು ಬೋಗುಣಿ ಕೆಳಗೆ...”

“ಅಯ್ಯಯ್ಯೋ!” ಕೋರ್ಯೊ ಅಕ್ಕನ ಕಿರುಚು ಅವನ ಮಾತನ್ನು ನುಂಗಿತು. “ಮರಳು ಉಸಿರಾಡ್ತಿದೆ!”

ಗುಡ್ಡೆಯ ನಡುವೆ ಮರಳು ಒಂದು ಬಟ್ಟಲಿನಷ್ಟು ಕುಸಿಯಿತು. ಕುಸಿದಲ್ಲಿ ಸಣ್ಣ, ಕಪ್ಪು ರೆಕ್ಕೆಯಂಥ ಕಾಲೊಂದು ಮೇಲೆ ಬಂತು. ಅದರ ಹಿಂದೆ ತಲೆ. ಆಮೇಲೆ ಎರಡು, ಐದು.  ಕುದಿಯುವ ಗಂಜಿಯ ಹಾಗೆ ಗುಡ್ಡೆಯೇ ಉಕ್ಕಿತು. ಕೆಂಡದಂಥ ಗಾರೆ ಮರಳಿನ ಬಿಸಿಗೆ ಐದು ದಿನ ಮೊದಲೇ ಕಾವು ಮುಗಿಸಿದ ಮರಿಗಳು ಒಂದರ ಮೇಲೊಂದು ಹತ್ತಿ, ಉರುಳಿ, ಕುರ್ಚಿ ಕಾಲುಗಳ ನಡುವೆ ನುಗ್ಗಿ, ಕಡಲಿನ ಕಡೆ ಹೊರಟವು. ಎಂಬತ್ತೆಂಟು ಕುರ್ಚಿಗಳಲ್ಲಿದ್ದವರೆಲ್ಲ ಒಂದೇ ಸಲ ಕಾಲೆತ್ತಿ ಕುರ್ಚಿಯ ಮೇಲೆ ಹತ್ತಿ ನಿಂತರು, ಒಂದನ್ನೂ ತುಳಿಯಬಾರದೆಂದು. ಮುರಿದದ್ದು ಡೊಟ್ಸೆಯ ಮೂರು ಬಿಳಿ ಕುರ್ಚಿಗಳು ಮಾತ್ರ.

“ಸತ್ತ ಆಮೆ ಮರಿ ಹಾಕುತ್ತಾ?” ಇಸಾಕಾ ಸಲಿಕೆಯನ್ನು ಅಪ್ಪಿಕೊಂಡು ಕೇಳಿದ.

“ಸರಿಯಾಗಿ ಶೋಕ ಮಾಡಿದರೆ ಹಾಕುತ್ತೆ” ಅಂದಳು ಕೋರ್ಯೊ ಅಕ್ಕ, ಕುರ್ಚಿಯ ಮೇಲಿನಿಂದ. “ಆರು ವಾರ ಕೇಳಿ ತಗೊಂಡಿದ್ದ ನಮ್ಮ ತಮ್ಮ! ಸುಮ್ಮನೇನಾ?”

ಕೊನೆಯ ಮರಿ ನೊರೆಯಲ್ಲಿ ಮರೆಯಾದ ಮೇಲೆ ನೆನೆ ಪಾದಿ ಕುಸಿದ ಗುಂಡಿಯ ಹತ್ತಿರ ಬಗ್ಗಿ ನೋಡಿದರು. ಒಡೆದ ಮೊಟ್ಟೆಯ ಸಿಪ್ಪೆಗಳಿದ್ದವು, ಚಿಪ್ಪು ಇರಲಿಲ್ಲ. ಅವರು ಸಾಕಿಟೆಯನ್ನು ನೋಡಿದರು. ಕಾಲಿನಿಂದ ಮೆಲ್ಲಗೆ ಮರಳು ತಳ್ಳಿ ಗುಂಡಿ ಮುಚ್ಚಿದರು. “ಚಿಪ್ಪು ಕಡಲಿಗೆ ಸೇರಿತು!” ಎಂದು ಊರಿಗೆ ಕೇಳುವಂತೆ ಸಾರಿ, ಸೀಟಿಯನ್ನು ಮತ್ತೆ ಅವನ ಕೊರಳಿಗೆ ಹಾಕುತ್ತ, “ಏನೋ ಹೇಳ್ತಿದ್ದೆಯಲ್ಲ?” ಎಂದು ಅವನಿಗೊಬ್ಬನಿಗೇ ಕೇಳುವಂತೆ ಕೇಳಿದರು.

“ಏನಿಲ್ಲ, ನೆನೆ.”

“ಅದೇ ಅಂದ್ಕೊಂಡೆ.”

ಆ ಸಂಜೆ ಸಾಕಿಟೆ ಹಳೆಯ ಅಡುಗೆ ಗುಡಿಸಲಿನಲ್ಲಿ ಉಣ್ಣಲು ಕೂತಿದ್ದ. ಮಾಕು ಬಾಂಕು ಬಡಿಸಿ, ಮೆಣಸಿನ ಗೊಜ್ಜು ಹಾಕಿ, ತಾನೂ ಎದುರಿಗೆ ಕೂತಳು.

“ಮರಿಗಳು ಎಷ್ಟು ಚೆನ್ನಾಗಿದ್ವು, ಅಲ್ವಾ?” ಅಂದಳು. “ಥೇಟ್ ಆ ಕಳ್ಳನ ಹಾಗೇ. ಬೋಳು ತಲೆ.”

ಸಾಕಿಟೆಯ ಕೈ ತಟ್ಟೆಯಲ್ಲೇ ನಿಂತಿತು.

“ಕಿಟಕೀಲಿ ನಿಂತು ನೋಡ್ತಿದ್ದೆ” ಅಂದಳು ಮಾಕು. “ಅದು ಮೊಟ್ಟೆ ಇಟ್ಟು ಮುಗಿಸೋಕೆ ಒಂದು ಗಂಟೆ ಹಿಡೀತು. ನೀವು ಬೋಗುಣಿಯಿಂದ ಹೊರಗೆ ಬರೋಕೆ ಐದು.”

“ಮತ್ತೆ... ಇಷ್ಟು ದಿನ ಯಾಕೆ ಹೇಳಲಿಲ್ಲ?”

“ಹೇಳಿದ್ದರೆ ನೀವು ನಾಚಿಕೆಗೆ ನಮ್ಮ ಮಗಳ ಮನೆಗೆ ಓಡಿ ಹೋಗ್ತಿದ್ರಿ. ಮೊಟ್ಟೆ ಕಾಯೋರು ಯಾರು?” ಅವಳು ಮೀನಿನ ಮುಳ್ಳು ಬಿಡಿಸಿ ಅವನ ತಟ್ಟೆಗೆ ಹಾಕಿದಳು. “ಅಲ್ಲದೆ ಹನ್ನೊಂದು ವರ್ಷದಲ್ಲಿ ಮೂರು ಸಲ ಮರಳು ಹಾಕಿಸಿದ್ದೀವಿ. ಮೂರು ಸಲವೂ ಯಾರು ಯಾರೋ ಬುಟ್ಟಿ ಬುಟ್ಟಿ ತುಂಬಿಕೊಂಡು ಹೋದರು. ಈ ಸಲ ಒಂದು ಹಿಡಿ ಕಮ್ಮಿಯಾಗಿಲ್ಲ. ಸೋಮವಾರ ಮೇಸ್ತ್ರಿಗೆ ಬರೋಕೆ ಹೇಳಿದ್ದೀನಿ.”

ಸಾಕಿಟೆಯ ಮುಖದಲ್ಲಿ ಮೊದಲು ಅವಮಾನ ಬಂತು, ಆಮೇಲೆ ಸಿಟ್ಟು ಬಂತು. ಎರಡಕ್ಕೂ ಕೂರಲು ಜಾಗ ಸಿಗದೆ ಕೊನೆಗೆ ನಗು ಬಂತು. ಮಾಕುವೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

“ಅದೇನು ತಮ್ಮಾ, ಶೋಕದ ಮನೇಲಿ ನಗು?” ಬೇಲಿಯಾಚೆಯಿಂದ ಕೋರ್ಯೊ ಅಕ್ಕ ಕೂಗಿದಳು. “ಹೇಳಬಾರದಾ, ನಾನೂ ನಗ್ತೀನಿ!”

ಸಾಕಿಟೆ ಎದ್ದು ಬಾಗಿಲ ತನಕ ಬಂದ. ಮೂಲೆಯಲ್ಲಿ ದೊಡ್ಡ ಅಲ್ಯೂಮಿನಿಯಂ ಬೋಗುಣಿ ಬೋರಲಾಗಿ ಬಿದ್ದಿತ್ತು. ಅದನ್ನು ನೋಡಿದ, ಹೆಂಡತಿಯನ್ನು ನೋಡಿದ, ಕೊರಳಿನ ಸೀಟಿಯನ್ನು ಅಂಗಿಯೊಳಗೆ ಸೇರಿಸಿಕೊಂಡ. ಇದೊಂದನ್ನು ಮಾತ್ರ, ಸಾಯುವ ತನಕ, ಯಾರಿಗೂ ಹೇಳಕೂಡದೆಂದು ಅಲ್ಲೇ ತೀರ್ಮಾನಿಸಿದ.

“ಏನಿಲ್ಲ ಅಕ್ಕಾ” ಅಂದ. “ಗೊಜ್ಜು ಖಾರವಾಗಿದೆ.”